ಮುಖ ಗೊತ್ತುಂಟು, ಯಾರೂಂತ ಹೊಳೆಯುದಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನದ್ದು ನೆನಪು, ಮರೆವು, ಗುರುತು ಹಿಡಿಯುದು ಇದರ ಬಗ್ಗೆಯೇ ಉಂಟು. ಹಾಗಾಗಿ ಬೇರೆ ವಿಷಯದ್ದನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ಒಟ್ಟಿಗೆ ತೆಗೊಂಡಿದ್ದೇನೆ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಬರ್ದಿದ್ದಾರೆ, ಹಾಗೆ ಎಲ್ಲರದ್ದೂ ಊರು ಮಾತ್ರ.

ಪ್ರಶ್ನೆ: ಮೇಡಂ, ಮೊನ್ನೆ ಒಂದು ಮದುವೆ ಹಾಲಲ್ಲಿ ಕೈ ತೊಳೀಲಿಕ್ಕೆ ಹೋದಲ್ಲಿ ಒಬ್ರು ಹೆಂಗಸು ನನ್ನ ಕೈ ಹಿಡ್ಕೊಂಡು "ಎಂತ ಅಕ್ಕ, ಸೌಖ್ಯವಾ, ಮಗಳು ಬಂದಿದ್ದಾಳಾ ಬೆಂಗಳೂರಿಂದ" ಅಂತ ಕೇಳಿದ್ರು. ರೇಷ್ಮೆ ಸೀರೆ, ತಲೆ ತುಂಬ ಶಂಕರಪುರ ಮಲ್ಲಿಗೆ. ಮುಖ ನೂರಕ್ಕೆ ನೂರು ಗೊತ್ತುಂಟು, ಯಾರೂಂತ ಮಾತ್ರ ಹೊಳೀಲೇ ಇಲ್ಲ, ನಾನು ಹಲ್ಲು ಕಿಸಿದು ಏನೋ ಹೇಳಿ ತಪ್ಪಿಸ್ಕೊಂಡೆ. ರಾತ್ರಿ ಫ್ರಿಜ್ಜಿಂದ ಬಂಗುಡೆ ಹೊರಗೆ ತೆಗೆದಾಗ ಒಂದೇ ಸಲ ಹೊಳೀತು, ನಮ್ಮ ಗೇಟಿನ ಹತ್ರ ಬುಟ್ಟಿ ಇಳಿಸುವ ಮೀನಿನವರು ಅವರು! ವರ್ಷಗಟ್ಟಲೆಯಿಂದ ಅವರ ಕೈಯಿಂದಲೇ ಮೀನು ತೆಗೊಳ್ಳುದು. ನಂಗೆ 47 ವರ್ಷ. ಇದು ಮರೆವಿನ ಕಾಯಿಲೆ ಶುರುವಾದದ್ದಾ?
ಕಲ್ಸಂಕ, ಉಡುಪಿ

ಉತ್ತರ: ಕಾಯಿಲೆ ಅಲ್ಲ, ಹೆದರ್ಬೇಡಿ. ನಿಮಗೆ ಆದದ್ದನ್ನೇ ಜಾರ್ಜ್ ಮ್ಯಾಂಡ್ಲರ್ ಅಂತ ಒಬ್ರು ಸೈಕಾಲಜಿಸ್ಟ್ 1980ರಲ್ಲಿ ಒಂದು ಪೇಪರಲ್ಲಿ ಬರ್ದಿದ್ದಾರೆ, ಅವರದ್ದು ಮದುವೆ ಹಾಲಲ್ಲ ಬಸ್ಸು, ಮೀನಿನವರಲ್ಲ ಮಾಂಸದಂಗಡಿಯವ, ಅಷ್ಟೇ ವ್ಯತ್ಯಾಸ. ಬಸ್ಸಲ್ಲಿ ಒಬ್ಬನನ್ನು ನೋಡ್ತೀರಿ, ಇವನನ್ನು ಮೊದಲು ನೋಡಿದ್ದೇನೆ ಅನ್ನುದರಲ್ಲಿ ಡೌಟೇ ಇಲ್ಲ, ಆದ್ರೆ ಎಲ್ಲಿ? ಆಫೀಸಲ್ಲಾ, ಟಿವಿಯಲ್ಲಾ, ಹಾಲು ಹಾಕುವವನಾ ಅಂತ ಮನಸ್ಸು ಒಂದೊಂದೇ ಜಾಗ ತಡಕಾಡ್ತಾ ಹೋಗ್ತದೆ, ಕೊನೆಗೆ ಓ, ಸೂಪರ್ ಮಾರ್ಕೆಟಲ್ಲಿ ಮಾಂಸ ಕಡಿದು ಕೊಡುವವ ಅಂತ ಹೊಳೀತದೆ. ನೆನಪಿನ ಬಗ್ಗೆ ಸಂಶೋಧನೆ ಮಾಡುವವರಿಗೆಲ್ಲ ಈ ಉದಾಹರಣೆ ಈಗಲೂ ಬಾಯಲ್ಲೇ ಉಂಟು.

ಮ್ಯಾಂಡ್ಲರ್ 1924ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು, ನಾಜಿಗಳ ಕಾಲದಲ್ಲಿ ಊರು ಬಿಟ್ಟು ಇಂಗ್ಲೆಂಡಿಗೆ ಹೋಗಿ ಅಲ್ಲಿಂದ ಅಮೆರಿಕಕ್ಕೆ ಬಂದವರು, ಸ್ಯಾನ್ ಡಿಯೆಗೊದಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸೈಕಾಲಜಿ ಡಿಪಾರ್ಟ್ಮೆಂಟ್ ಕಟ್ಟಿದ್ದೇ ಅವರು. 2016ರಲ್ಲಿ ತೀರಿಕೊಂಡ್ರು. ಅವರು ಹೇಳಿದ್ದೆಂತ ಅಂದ್ರೆ ಗುರುತು ಹಿಡಿಯುದು ಅಂತ ನಾವು ಒಂದೇ ಹೆಸರಲ್ಲಿ ಕರೆಯುದ್ರ ಒಳಗೆ ಎರಡು ಬೇರೆ ಬೇರೆ ಕೆಲಸ ಉಂಟು. ಒಂದು, "ಇದು ಗೊತ್ತುಂಟು" ಅಂತ ಅನಿಸುದು. ಇದು ಬಹಳ ಬೇಗ ಆಗ್ತದೆ, ನೀವು ಬೇಕು ಅಂದ್ರೂ ಬೇಡ ಅಂದ್ರೂ ಆಗ್ತದೆ. ಎರಡನೆಯದ್ದು, ಎಲ್ಲಿ ನೋಡಿದ್ದು, ಯಾರು, ಯಾವಾಗ ಅಂತ ಹುಡುಕಿ ಹೊರಗೆ ತೆಗೆಯುದು. ಇದು ನಿಧಾನ, ಮತ್ತೆ ಸಿಕ್ಕೇ ಸಿಗ್ತದೆ ಅಂತ ಗ್ಯಾರಂಟಿ ಇಲ್ಲ. ದಿನಾ ಗೇಟಿನ ಹತ್ರ ನೋಡುವಾಗ ಈ ಎರಡೂ ಒಟ್ಟಿಗೇ ಆಗಿ ಹೋಗ್ತದೆ, ಹಾಗಾಗಿ ಎರಡುಂಟು ಅಂತ ನಮಗೆ ಗೊತ್ತೇ ಆಗುದಿಲ್ಲ. ಬುಟ್ಟಿ ಇಲ್ಲ, ಗೇಟಿಲ್ಲ, ಮೀನಿನ ವಾಸನೆ ಇಲ್ಲ, ಮೇಲಿಂದ ರೇಷ್ಮೆ ಸೀರೆ ಅಂತ ಆದಾಗ ಮೊದಲನೆಯದ್ದು ಮಾತ್ರ ನಡೆದು ಎರಡನೆಯದ್ದು ಅಲ್ಲೇ ನಿಂತಿತು.

ನಂಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಇಷ್ಟ ಆದದ್ದು ಬಂಗುಡೆ. ಎಂಡೆಲ್ ಟುಲ್ವಿಂಗ್ ಮತ್ತೆ ಡೊನಾಲ್ಡ್ ಥಾಮ್ಸನ್ ಅಂತ ಇಬ್ರು 1973ರಲ್ಲಿ ಒಂದು ಪೇಪರ್ ಬರೆದ್ರು. ಅವರ ಪ್ರಯೋಗದಲ್ಲಿ ಜನರಿಗೆ ಜೋಡಿ ಜೋಡಿ ಪದ ಕಲಿಸ್ತಾರೆ, ಉದಾಹರಣೆಗೆ "ರೈಲು, ಕಪ್ಪು" ಅಂತ. ಆಮೇಲೆ "ಬಿಳಿ" ಅಂದ್ರೆ ನಿಮಗೆ ಎಂತೆಲ್ಲ ಹೊಳೀತದೆ ಬರೀರಿ ಅಂತ ಹೇಳ್ತಾರೆ, ಸಹಜವಾಗಿ ಕಪ್ಪು ಅಂತ ಬರೀತಾರೆ. ಈಗ ನೀವು ಬರ್ದದ್ರಲ್ಲಿ ಮೊದಲು ಕಲಿತ ಪದ ಯಾವುದಾದ್ರೂ ಉಂಟಾ ಕೇಳಿದ್ರೆ ತುಂಬ ಸಲ ಇಲ್ಲ ಅಂತಾರೆ! ಅದೇ ಜನರಿಗೆ "ರೈಲು" ಅಂತ ಕೊಟ್ರೆ "ಕಪ್ಪು" ಬಂದು ಬಿಡ್ತದೆ. ಅಂದ್ರೆ ಕಣ್ಣೆದುರೇ ಇದ್ದದ್ದು ಗುರುತು ಸಿಗುದಿಲ್ಲ, ಆದ್ರೆ ಮೊದಲು ಯಾವುದರ ಜೊತೆ ಸೇರಿ ತಲೆಗೆ ಹೋಗಿತ್ತೋ ಅದು ಸಿಕ್ಕಿದ್ರೆ ಎದ್ದು ಬರ್ತದೆ. ಮುಖ ಎದುರೇ ಇದ್ದಾಗ ಹೊಳೀದೇ ಇದ್ದದ್ದು ಮೀನು ಕೈಗೆ ಬಂದಾಗ ಹೊಳೆದದ್ದು ಅದಕ್ಕೇ. ಇನ್ನೊಮ್ಮೆ ಹೀಗೆ ಆದ್ರೆ ಹೆಸರನ್ನೇ ಹಿಡ್ಕೊಂಡು ಹಿಂಡ್ಬೇಡಿ, ಜಾಗಗಳನ್ನು ನೆನಪು ಮಾಡಿ, ಗೇಟು, ಬ್ಯಾಂಕು, ಮಗಳ ಶಾಲೆ, ದೇವಸ್ಥಾನ ಅಂತ. ಹೆಸರು ಎಲ್ಲಕ್ಕಿಂತ ಕಷ್ಟ. ಮುಖ ತೋರಿಸಿ ಇವರು ಇಂಥಾ ಕೆಲಸದವರು ಅಂತ ಹೇಳಿದ್ರೆ ಅದು ಉಳಿಯುವಷ್ಟು ಸುಲಭದಲ್ಲಿ ಹೆಸರು ಉಳಿಯುದಿಲ್ಲ, ಇದು ಎಲ್ಲರಿಗೂ ಹಾಗೆಯೇ. ಮತ್ತೆ ನಾಡಿದ್ದು ಅವರು ಬಂದಾಗ ಸ್ವಲ್ಪ ನಿಲ್ಲಿಸಿ ಮಾತಾಡಿ, ಮದುವೆ ಹಾಲಲ್ಲಿ ಗೊತ್ತಾಗ್ಲಿಲ್ಲ ಅಂತ ನೇರ ಹೇಳಿ, ಹೆಸರೂ ಕೇಳಿ. ಇಷ್ಟು ವರ್ಷ ಮೀನು ತೆಗೊಂಡವರು ಹೆಸರು ಕೇಳಿದ್ರೆ ಅವರಿಗೆ ಖಂಡಿತ ಬೇಜಾರಾಗ್ಲಿಕ್ಕಿಲ್ಲ.

ಪ್ರಶ್ನೆ: ನಾನು ಸೆಕೆಂಡ್ ಪಿಯುಸಿ ಸೈನ್ಸ್. ಬಯಾಲಜಿ ನೋಟ್ಸ್ ನಾಲ್ಕೈದು ಸಲ ಓದ್ತೇನೆ, ಓದುವಾಗ ಎಲ್ಲ ಗೊತ್ತುಂಟು ಅಂತ ಕಾಣ್ತದೆ, ಪೇಪರ್ ಎದುರು ಕೂತ್ರೆ ಪೂರ್ತಿ ಬ್ಲ್ಯಾಂಕ್. ಮನೆಯಲ್ಲಿ ಅಜ್ಜಿ ತಿಮರೆ (ಒಂದೆಲಗ) ಚಟ್ನಿ ತಿಂದ್ರೆ ಸರಿ ಆಗ್ತದೆ ಅಂತಾರೆ.
ಮೂಡುಬಿದಿರೆ

ಉತ್ತರ: ತಿಮರೆ ಚಟ್ನಿ ಗಂಜಿಗೆ ಬಹಳ ರುಚಿ, ಅಜ್ಜಿ ಮಾಡಿ ಕೊಟ್ರೆ ತಿನ್ನಿ, ಆದ್ರೆ ನಿಮ್ಮ ತೊಂದರೆ ಓದುವ ಕ್ರಮದ್ದು. ನೋಟ್ಸ್ ಮತ್ತೆ ಮತ್ತೆ ಓದುವಾಗ ಬೆಳೆಯುದು ಮೇಲೆ ಹೇಳಿದೆ ಅಲ್ವಾ, ಆ ಮೊದಲನೆಯ ಕೆಲಸ, ಪೇಜು ಪರಿಚಯ ಆಗ್ತದೆ, ಡಯಾಗ್ರಾಂ ಎಲ್ಲಿತ್ತು ಅಂತ ಸಾ ಗೊತ್ತಾಗ್ತದೆ. ಪರೀಕ್ಷೆಯಲ್ಲಿ ಕೇಳುದು ಎರಡನೆಯ ಕೆಲಸ, ಎದುರು ಏನೂ ಇಲ್ಲದೆ ಹೊರಗೆ ತೆಗೆಯುದು, ಅದನ್ನು ನೀವು ಒಂದು ಸಲವೂ ಪ್ರಾಕ್ಟೀಸ್ ಮಾಡ್ಲೇ ಇಲ್ಲ.

ಹೆನ್ರಿ ರೋಡಿಗರ್ ಮತ್ತೆ ಜೆಫ್ರಿ ಕಾರ್ಪಿಕ್ 2006ರಲ್ಲಿ ಕಾಲೇಜು ಮಕ್ಕಳಿಗೆ ಎರಡು ಪಾಠ ಓದಿಸಿದ್ರು. ಆಮೇಲೆ ಒಂದು ಪಾಠ ಇನ್ನೊಮ್ಮೆ ಓದ್ಲಿಕ್ಕೆ, ಮತ್ತೊಂದು ಪಾಠ ಪುಸ್ತಕ ನೋಡದೆ ನೆನಪಿದ್ದಷ್ಟು ಬರೀಲಿಕ್ಕೆ. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದ್ರೆ ಇನ್ನೊಮ್ಮೆ ಓದಿದ್ದೇ ಮುಂದೆ, 81 ಪರ್ಸೆಂಟ್, ಬರ್ದದ್ದು 75. ಒಂದು ವಾರ ಬಿಟ್ಟು ನೋಡಿದ್ರೆ ತಿರುಗಾ ಮುರುಗಾ, ಓದಿದ್ದು 42ಕ್ಕೆ ಇಳಿದಿತ್ತು, ಬರ್ದದ್ದು 56ರಲ್ಲಿ ನಿಂತಿತ್ತು. ನಿಮ್ಮ ಪರೀಕ್ಷೆ ಐದು ನಿಮಿಷ ಬಿಟ್ಟು ಇರುದಿಲ್ಲ ಅಲ್ವಾ. ಒಂದು ಸಲ ಸರಿಯಾಗಿ ಓದಿ, ನೋಟ್ಸ್ ಮುಚ್ಚಿ, ಖಾಲಿ ಪೇಪರಲ್ಲಿ ಬರೀರಿ, ಬಾರದ್ದನ್ನು ಮಾತ್ರ ತೆರೆದು ನೋಡಿ. ಮೊದಲೆರಡು ದಿನ ಎಂತದೂ ಬರುದಿಲ್ಲ ಅಂತ ಅಳು ಬರ್ತದೆ, ಬಿಡ್ಬೇಡಿ, ಆ ಕಷ್ಟವೇ ಕೆಲಸ ಮಾಡುದು. ರಾತ್ರಿ ನಿದ್ದೆ ಕೆಡಬಾರ್ದು, ಹಗಲು ಓದಿದ್ದು ಗಟ್ಟಿ ಆಗುದು ನಿದ್ದೆಯಲ್ಲಿ.

ಪ್ರಶ್ನೆ: ಕಳೆದ ತಿಂಗಳು ಸಂಜೆ ವಾಕಿಂಗ್ ಹೋಗುವಾಗ ಬೈಕಲ್ಲಿ ಬಂದವ ನನ್ನ ಕುತ್ತಿಗೆಯ ಚೈನ್ ಎಳ್ಕೊಂಡು ಹೋದ. ಮುಖ ಒಂದು ಕ್ಷಣ ಕಂಡದ್ದು. ಎರಡು ದಿನ ಬಿಟ್ಟು ನಮ್ಮ ಅಪಾರ್ಟ್ಮೆಂಟ್ ವಾಟ್ಸಪ್ ಗ್ರೂಪಲ್ಲಿ ಒಬ್ಬ ಹುಡುಗನ ಫೋಟೋ ಹಾಕಿ "ಇವನೇ ಅಂತೆ" ಅಂತ ಬರ್ದಿದ್ರು. ಮೊದಲು ಡೌಟಿತ್ತು, ಈಗ ನೋಡಿ ನೋಡಿ ಅವನೇ ಅಂತ ಗಟ್ಟಿ ಆಗಿದೆ. ಗುರುತು ಹಿಡೀಲಿಕ್ಕೆ ಕರೆಯಬಹುದು ಅಂತ ಹೇಳಿದ್ದಾರೆ. ನಾನು ಧೈರ್ಯದಲ್ಲಿ ಹೇಳಬಹುದಾ?
ಕದ್ರಿ, ಮಂಗಳೂರು

ಉತ್ತರ: ನಿಮಗೆ ಆದದ್ದು ಕೇಳಿ ಬಹಳ ಬೇಸರ ಆಯ್ತು, ಕುತ್ತಿಗೆಗೆ ಪೆಟ್ಟಾಗ್ಲಿಲ್ಲ ಅಂತ ಅಂದ್ಕೊಳ್ತೇನೆ. ಈಗ ನಾನು ಹೇಳುದನ್ನು ದಯವಿಟ್ಟು ಎರಡು ಸಲ ಓದಿ, ಯಾಕಂದ್ರೆ ಇದ್ರಲ್ಲಿ ಇನ್ನೊಬ್ಬರ ಜೀವನ ಉಂಟು.

"ಮೊದಲು ಡೌಟಿತ್ತು, ನೋಡಿ ನೋಡಿ ಗಟ್ಟಿ ಆಯ್ತು" ಅಂತ ನೀವೇ ಬರ್ದಿದ್ದೀರಿ. ಗಟ್ಟಿ ಆದದ್ದು ಆ ಸಂಜೆಯ ನೆನಪಲ್ಲ, ಫೋಟೋದ ಪರಿಚಯ. ಈ ಮುಖ ಗೊತ್ತುಂಟು ಅಂತ ಮನಸ್ಸು ಹೇಳ್ತದೆ, ಅದು ಸುಳ್ಳೂ ಅಲ್ಲ, ಆದ್ರೆ ಬೈಕಿನ ಮೇಲೆ ನೋಡಿದ್ದಾ ಮೊಬೈಲಲ್ಲಿ ನೋಡಿದ್ದಾ ಅಂತ ಆ ಅನಿಸಿಕೆ ಹೇಳುದಿಲ್ಲ.

ಮೇಲೆ ಡೊನಾಲ್ಡ್ ಥಾಮ್ಸನ್ ಅಂತ ಹೆಸರು ಬಂತಲ್ಲ, ಟುಲ್ವಿಂಗ್ ಜೊತೆ ಪೇಪರ್ ಬರ್ದವರು, ಆಸ್ಟ್ರೇಲಿಯಾದವರು. 1970ರ ದಶಕದಲ್ಲಿ ಅವರನ್ನೇ ಪೋಲೀಸರು ಹಿಡಿದ್ರು. ಒಬ್ಬ ಹೆಂಗಸಿನ ಮೇಲೆ ಮನೆಯಲ್ಲೇ ಅತ್ಯಾಚಾರ ಆಗಿತ್ತು, ಅವರು ಇವರ ಮುಖವನ್ನೇ ಖಂಡಿತ ಅಂತ ಗುರುತು ಹಿಡಿದ್ರು. ಥಾಮ್ಸನ್ ಆ ಹೊತ್ತಿಗೆ ಟಿವಿಯಲ್ಲಿ ಲೈವ್ ಕಾರ್ಯಕ್ರಮದಲ್ಲಿ ಕೂತಿದ್ರು, ಆ ಹೆಂಗಸಿನ ಮನೆಯ ಟಿವಿಯಲ್ಲಿ ಅದೇ ಕಾರ್ಯಕ್ರಮ ಓಡ್ತಿತ್ತು. ಪರದೆಯಲ್ಲಿ ಕಂಡ ಮುಖ ಆ ಭಯಂಕರ ಗಳಿಗೆಗೆ ಅಂಟಿಕೊಂಡಿತು. ಆ ಹೆಂಗಸು ಒಂದಿಷ್ಟೂ ಸುಳ್ಳು ಹೇಳ್ಲಿಲ್ಲ, ಅವರಿಗೆ ಆದದ್ದೂ ನಿಜ, ಮುಖ ಗೊತ್ತಿದ್ದದ್ದೂ ನಿಜ. ಥಾಮ್ಸನ್ ಬಚಾವಾದದ್ದು ಲೈವ್ ಇದ್ದದ್ರಿಂದ. ಮನೆಯಲ್ಲಿ ಒಬ್ಬರೇ ಕೂತು ಊಟ ಮಾಡ್ತಿದ್ರೆ ಯಾರು ನಂಬ್ತಿದ್ರು?

ಇನ್ನೊಂದು ಸಂಗತಿ. ಗ್ಯಾರಿ ವೆಲ್ಸ್ ಮತ್ತೆ ಆಮಿ ಬ್ರಾಡ್‌ಫೀಲ್ಡ್ 1998ರಲ್ಲಿ ಜನರಿಗೆ ಒಂದು ಸೆಕ್ಯೂರಿಟಿ ಕ್ಯಾಮೆರಾ ವೀಡಿಯೋ ತೋರಿಸಿ ಆಮೇಲೆ ಕೆಲವು ಫೋಟೋ ಕೊಟ್ಟು ಯಾರು ಅಂತ ಕೇಳಿದ್ರು. ಫೋಟೋಗಳಲ್ಲಿ ಆ ಮನುಷ್ಯ ಇರಲೇ ಇಲ್ಲ, ಆದ್ರೂ ಎಲ್ಲರೂ ಒಬ್ಬೊಬ್ಬರನ್ನು ತೋರಿಸಿದ್ರು, ಅಂದ್ರೆ ಎಲ್ಲರೂ ತಪ್ಪು. ಅವರಲ್ಲಿ ಕೆಲವರಿಗೆ "ಸರಿಯಾಗಿ ಹಿಡಿದ್ರಿ" ಅಂತ ಒಂದೇ ಮಾತು ಹೇಳಿದ್ರು. ಆಮೇಲೆ ಕೇಳಿದ್ರೆ ಅಂಥವರು ನಂಗೆ ಮೊದಲಿಂದಲೇ ಖಾತ್ರಿ ಇತ್ತು, ಮುಖ ಚೆನ್ನಾಗಿ ಕಂಡಿತ್ತು, ಗಮನ ಕೊಟ್ಟು ನೋಡಿದ್ದೆ ಅಂತೆಲ್ಲ ಹೇಳಿದ್ರು. ಒಂದೇ ಒಂದು ಹೊಗಳಿಕೆಗೆ ಇಷ್ಟು! ಗ್ರೂಪಲ್ಲಿ "ಇವನೇ ಅಂತೆ" ಅಂತ ಎಲ್ಲರೂ ಒಟ್ಟಿಗೆ ಹೇಳಿದ್ರೆ ಎಷ್ಟಾಗಬಹುದು ಯೋಚನೆ ಮಾಡಿ.

ಹಾಗಾಗಿ ಇವತ್ತೇ ಒಂದು ಕಾಗದದಲ್ಲಿ ಫೋಟೋ ನೋಡುವ ಮೊದಲು ನೀವು ಯಾರಿಗಾದ್ರೂ ಎಂತ ಹೇಳಿದ್ರಿ ಅದನ್ನು ಬರ್ದಿಡಿ, ಕಂಪ್ಲೇಂಟಲ್ಲಿ ಕೊಟ್ಟ ವಿವರ ಇದ್ರೆ ಅದೇ ನಿಮ್ಮ ಒಳ್ಳೆಯ ನೆನಪು. ಗುರುತಿಸುವ ಪರೇಡಿಗೆ ಕರೆದ್ರೆ, ಅದು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಎದುರು ಆಗ್ತದೆ, ಮೊದಲೇ ವಾಟ್ಸಪ್ಪಲ್ಲಿ ಫೋಟೋ ನೋಡಿದ್ದೇನೆ ಅಂತ ಸ್ಪಷ್ಟವಾಗಿ ಹೇಳಿ. ಗೊತ್ತಾಗುದಿಲ್ಲ ಅಂತ ಅನಿಸಿದ್ರೆ ಗೊತ್ತಾಗುದಿಲ್ಲ ಅಂತ ಹೇಳುದು ಪೂರ್ತಿ ಸರಿಯಾದ ಉತ್ತರ, ಯಾರೂ ಬೈಯ್ಲಿಕ್ಕೆ ಇಲ್ಲ. ಮತ್ತೆ ಆ ಫೋಟೋ ಮೊಬೈಲಲ್ಲಿ ಇನ್ನು ನೋಡ್ಬೇಡಿ, ಯಾರಿಗೂ ಫಾರ್ವರ್ಡ್ ಮಾಡ್ಬೇಡಿ.

ಪ್ರಶ್ನೆ: ಅಪ್ಪ ರಿಟೈರ್ ಆದ ದುಡ್ಡನ್ನು ಒಂದು ಕಡೆ ಹಾಕ್ಲಿಕ್ಕೆ ಹೊರಟಿದ್ದಾರೆ. ಯಾಕೆ ಅಂದ್ರೆ "ಕೇಳಿದ ಹೆಸರು ಮಾರಾಯ, ದೊಡ್ಡ ಜನ" ಅಂತಾರೆ. ವಿಚಾರಿಸಿದ್ರೆ ಅವರಿಗೆ ಬೇರೆ ಎಂತದೂ ಗೊತ್ತಿಲ್ಲ.
ಬಂಟ್ವಾಳ

ಉತ್ತರ: ತಡೀರಿ ಅವರನ್ನು. 1989ರಲ್ಲಿ ಲ್ಯಾರಿ ಜಾಕೋಬಿ ಮತ್ತೆ ಜೊತೆಗಾರರು ಯಾರಿಗೂ ಗೊತ್ತಿಲ್ಲದ ಸಾಮಾನ್ಯ ಜನರ ಹೆಸರು ಅಂತ ಹೇಳಿಯೇ ಒಂದು ಪಟ್ಟಿ ಓದಿಸಿದ್ರು. ಮರುದಿನ ಆ ಹೆಸರುಗಳನ್ನು ಬೇರೆ ಹೆಸರಿನ ಜೊತೆ ಸೇರಿಸಿ ಇದರಲ್ಲಿ ಪ್ರಸಿದ್ಧರು ಯಾರು ಕೇಳಿದ್ರೆ ನಿನ್ನೆ ಓದಿದ ಹೆಸರುಗಳು ಪ್ರಸಿದ್ಧ ಆಗಿ ಬಿಟ್ಟಿದ್ವು! ಓದಿದ ಕೂಡ್ಲೇ ಕೇಳಿದ್ರೆ ಹಾಗೆ ಆಗುದಿಲ್ಲ, ಈಗಷ್ಟೇ ಪಟ್ಟಿಯಲ್ಲಿ ನೋಡಿದ್ದು ಅಂತ ನೆನಪಿರ್ತದೆ. ಒಂದು ರಾತ್ರಿ ಕಳೆದ್ರೆ ಎಲ್ಲಿ ನೋಡಿದ್ದು ಅನ್ನುದು ಮರೀತದೆ, ಕೇಳಿದ ಹೆಸರು ಅನ್ನುದು ಉಳೀತದೆ. ಅಪ್ಪ ಆ ಹೆಸರನ್ನು ಸರ್ಕಲ್ಲಿನ ಫ್ಲೆಕ್ಸಲ್ಲಿ, ಜಾತ್ರೆಯ ಆಮಂತ್ರಣದ ಕೊನೆ ಪುಟದ ಜಾಹೀರಾತಲ್ಲಿ ನೋಡಿರಬಹುದು. "ಎಲ್ಲಿ ಕೇಳಿದ್ದು ಅಪ್ಪ?" ಅಂತ ಕೇಳಿ. ಜಗಳ ಮಾಡ್ಬೇಡಿ, ಅದೊಂದೇ ಪ್ರಶ್ನೆ ಸಾಕು. ರಿಸರ್ವ್ ಬ್ಯಾಂಕಿನದ್ದೋ ಸೆಬಿಯದ್ದೋ ರಿಜಿಸ್ಟ್ರೇಷನ್ ಉಂಟಾ ಅಂತ ನೋಡದೆ ಒಂದು ರೂಪಾಯಿ ಹಾಕ್ಲಿಕ್ಕೆ ಬಿಡ್ಬೇಡಿ.

ಪ್ರಶ್ನೆ: ಯಕ್ಷಗಾನದ ಕಲಾವಿದರಿಗೆ ರಾತ್ರಿ ಇಡೀ ಮಾತಾಡ್ಲಿಕ್ಕೆ ಅಷ್ಟೆಲ್ಲ ಹೇಗೆ ನೆನಪಿರ್ತದೆ? ನಮಗೆ ಅಂಗಡಿಯ ಪಟ್ಟಿಯೇ ನೆನಪಿರುದಿಲ್ಲ.
ಬ್ರಹ್ಮಾವರ

ಉತ್ತರ: ಅವರು ಮಾತನ್ನು ಬಾಯಿಪಾಠ ಮಾಡಿರುದಿಲ್ಲ ಅನ್ನುದೇ ಇದ್ರಲ್ಲಿ ಚಂದ. ಭಾಗವತರು ಪದ್ಯ ಹೇಳ್ತಾರೆ, ಪದ್ಯ ಪ್ರಸಂಗದಲ್ಲಿ ಬರ್ದದ್ದು, ರಾಗ ತಾಳದಲ್ಲಿ ಕೂತದ್ದು, ಅದಕ್ಕೆ ಅರ್ಥ ವೇಷಧಾರಿ ಅಲ್ಲಲ್ಲೇ ಕಟ್ಟುದು. ಕರ್ಣ ಯಾರು, ಕೃಷ್ಣನ ಹತ್ರ ಅವನಿಗೆ ಎಂಥಾ ಸಂಬಂಧ, ಈ ಸಂದರ್ಭಕ್ಕೆ ಮೊದಲು ಎಂತ ಆಯ್ತು ಅಂತ ಇಡೀ ಕಥೆ ಒಂದಕ್ಕೊಂದು ಜೋಡಿಸಿಕೊಂಡು ತಲೆಯಲ್ಲಿರ್ತದೆ, ಪದ್ಯ ಕೇಳಿದ ಕೂಡ್ಲೇ ಮುಂದಿನದ್ದು ಎಳ್ಕೊಂಡು ಬರ್ತದೆ. ತಾಳಮದ್ದಳೆಯಲ್ಲಂತೂ ವೇಷ ಇಲ್ಲ ಕುಣಿತ ಇಲ್ಲ, ಎದುರು ಕೂತವ ಕೇಳಿದ ಪ್ರಶ್ನೆಗೇ ಉತ್ತರ ಕೊಡ್ಬೇಕು, ಬಾಯಿಪಾಠ ಮಾಡಿದವನಿಗೆ ಅಲ್ಲಿ ಕೂರ್ಲಿಕ್ಕೆ ಆಗುದೇ ಇಲ್ಲ.

ಜೋಡಣೆಯ ಈ ಬಲದ ಬಗ್ಗೆಯೂ ಮೊದಲು ಹೇಳಿದ ಮ್ಯಾಂಡ್ಲರ್ ಕೆಲಸ ಮಾಡಿದ್ದಾರೆ, 1967ರಲ್ಲಿ. ಕಾರ್ಡಲ್ಲಿ ಪದಗಳನ್ನು ಬರ್ದು ಕೊಟ್ಟು ನಿಮಗೆ ಸರಿ ಕಂಡ ಹಾಗೆ ಗುಂಪು ಮಾಡಿ ಅಂತ ಹೇಳಿದ್ರು, ಎರಡು ಸಲ ಒಂದೇ ರೀತಿ ಗುಂಪು ಆಗುವವರೆಗೆ. ಮತ್ತೆ ಕಾರ್ಡ್ ತೆಗೆದಿಟ್ಟು ಪದ ಹೇಳಿ ಅಂದ್ರು. ನೆನಪಿಟ್ಕೊಳ್ಳಿ ಅಂತ ಮೊದಲೇ ಹೇಳಿದವರಿಗೂ, ಬರೇ ಗುಂಪು ಮಾಡಿ ಅಂತ ಹೇಳಿದವರಿಗೂ ಹೆಚ್ಚು ಕಮ್ಮಿ ಒಂದೇ ಲೆಕ್ಕದಲ್ಲಿ ನೆನಪಿತ್ತು, ಏಳರವರೆಗೆ ಗುಂಪು ಹೆಚ್ಚಾದ ಹಾಗೆ ನೆನಪಾದದ್ದೂ ಹೆಚ್ಚು. ನೆನಪಿಡ್ಬೇಕು ಅನ್ನುವ ಹಠಕ್ಕಿಂತ ಜೋಡಿಸುವ ಕೆಲಸ ದೊಡ್ಡದು ಅಂತ ಆಯ್ತು. ನಿಮ್ಮ ಅಂಗಡಿ ಪಟ್ಟಿಯನ್ನು ಸಾಂಬಾರಿಗೆ ಇಷ್ಟು, ತಿಂಡಿಗೆ ಇಷ್ಟು, ಬಾತ್‌ರೂಮಿಗೆ ಇಷ್ಟು ಅಂತ ಗುಂಪು ಮಾಡಿ ಹೊರಡಿ, ನೋಡಿ.

ಪ್ರಶ್ನೆ: ಮೊನ್ನೆ ಮೊದಲ ಸಲ ಗೋಕರ್ಣಕ್ಕೆ ಹೋದೆ. ರಥಬೀದಿಯಲ್ಲಿ ನಡೆಯುವಾಗ ಇಲ್ಲಿಗೆ ಮೊದಲೇ ಬಂದಿದ್ದೇನೆ ಅಂತ ಮೈ ಜುಮ್ ಅಂತು. ಹೋದ ಜನ್ಮದ್ದಾ ಮೇಡಂ?
ಸುರತ್ಕಲ್

ಉತ್ತರ: ಈ ಜನ್ಮದ್ದೇ. ಆನ್ ಕ್ಲಿಯರಿ ಅನ್ನುವ ಅಮೆರಿಕದ ಸಂಶೋಧಕಿ 2012ರಲ್ಲಿ ಕಂಪ್ಯೂಟರಲ್ಲಿ ಕಟ್ಟಿದ ಜಾಗಗಳನ್ನು ಜನರಿಗೆ ತೋರಿಸಿದ್ರು. ಕೆಲವು ಜಾಗ ನೋಡ್ಲಿಕ್ಕೆ ಪೂರ್ತಿ ಬೇರೆ, ಆದ್ರೆ ಎಲ್ಲಿ ಎಂತ ಉಂಟು ಅನ್ನುವ ನಕ್ಷೆ ಮಾತ್ರ ಮೊದಲು ತೋರಿಸಿದ ಒಂದು ಜಾಗದ್ದೇ. ಆ ಹಳೆ ಜಾಗ ನೆನಪಾಗದವರಲ್ಲಿ, ಅಂಥಾ ಜಾಗಕ್ಕೇ "ಇಲ್ಲಿಗೆ ಬಂದಿದ್ದೇನೆ" ಅನ್ನುವ ಅನಿಸಿಕೆ ಹೆಚ್ಚು ಬಂತು. ನೀವು ಉಡುಪಿಯ ರಥಬೀದಿ, ಮಂಗಳೂರಿನ ಕಾರ್‌ಸ್ಟ್ರೀಟ್ ಎಷ್ಟು ಸಲ ನಡೆದಿರ್ಲಿಕ್ಕಿಲ್ಲ, ಎರಡೂ ಬದಿಯಲ್ಲಿ ಹಳೆ ಕಟ್ಟಡ, ಹೂವು ಹಣ್ಣುಕಾಯಿ ಅಂಗಡಿ, ಒಂದು ಬದಿಯಲ್ಲಿ ನಿಲ್ಲಿಸಿದ ತೇರು. ಆಗೊಮ್ಮೆ ಈಗೊಮ್ಮೆ ಹೀಗೆ ಆಗುದು ಹೆಚ್ಚಿನವರಿಗೆ ಉಂಟು. ವಾರಕ್ಕೆ ಸುಮಾರು ಸಲ ಆಗಿ ಜೊತೆಗೆ ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪಿದ ಹಾಗೆ ಆದ್ರೆ ಮಾತ್ರ ನ್ಯೂರಾಲಜಿ ಡಾಕ್ಟ್ರಿಗೆ ತೋರಿಸಿ.

ಪ್ರಶ್ನೆ: ಅತ್ತೆಗೆ 74. ಮಧ್ಯಾಹ್ನ ಎಂತ ತಿಂದದ್ದು ಅಂತ ಸಂಜೆ ಹೇಳ್ಲಿಕ್ಕೆ ಬರುದಿಲ್ಲ, ಆದ್ರೆ ಅವರ ಶಾಲೆಯ ಗ್ರೂಪ್ ಫೋಟೋ ತೋರಿಸಿದ್ರೆ ಎಲ್ಲರ ಮುಖ ಗೊತ್ತುಂಟು. ಗಂಡ "ನಾಟಕ, ಬೇಕಾದ್ದು ಮಾತ್ರ ನೆನಪಿರ್ತದೆ" ಅಂತಾರೆ.
ಕಾಪು

ಉತ್ತರ: ನಾಟಕ ಖಂಡಿತ ಅಲ್ಲ, ಈ ಪುಟ ನಿಮ್ಮ ಯಜಮಾನರಿಗೆ ಓದ್ಲಿಕ್ಕೆ ಕೊಡಿ. ಹ್ಯಾರಿ ಬಾರಿಕ್ ಮತ್ತೆ ಜೊತೆಗಾರರು 1975ರಲ್ಲಿ ಶಾಲೆ ಬಿಟ್ಟು ಬೇರೆ ಬೇರೆ ಕಾಲ ಆದ 392 ಜನರನ್ನು ಹಳೆ ಶಾಲೆಯ ಫೋಟೋ ತೋರಿಸಿ ಪರೀಕ್ಷೆ ಮಾಡಿದ್ದಾರೆ. 35 ವರ್ಷ ಕಳೆದವರು ಸಾ ಸಹಪಾಠಿಗಳ ಮುಖವನ್ನು ನೂರಕ್ಕೆ 90ರಷ್ಟು ಗುರುತು ಹಿಡೀತಿದ್ರು, ಏನೂ ತೋರಿಸದೆ ಹೆಸರು ಹೇಳಿ ಅಂದ್ರೆ ಮಾತ್ರ ಅದರ ಹತ್ತಿರಕ್ಕೂ ಬರ್ಲಿಲ್ಲ. ಹಳೆ ಮುಖದ ಗುರುತು ಅಷ್ಟು ಗಟ್ಟಿ. ಪ್ರಾಯ ಆದ ಹಾಗೆ ಹುಡುಕಿ ತೆಗೆಯುವ ಕೆಲಸ ಮೊದಲು ನಿಧಾನ ಆಗ್ತದೆ, ಪರಿಚಯದ ಅನಿಸಿಕೆ ಅಷ್ಟು ಕುಂದುದಿಲ್ಲ.

ಹಾಗಂತ ಪ್ರಾಯದ್ದು ಅಂತ ಬಿಟ್ಟು ಬಿಡ್ಬೇಡಿ. ಎಂತ ತಿಂದದ್ದು ಅಂತ ನೆನಪಿಲ್ಲದೆ, ನೀವು "ಬಸಳೆ ಪದಾರ್ಥ ಮಾಡಿದ್ದಲ್ವಾ" ಅಂದ ಕೂಡ್ಲೇ "ಹೌದು ಹೌದು" ಅಂತಾರಾ, ಅಥವಾ ಊಟವೇ ಮಾಡ್ಲಿಲ್ಲ ಅಂತ ವಾದ ಮಾಡ್ತಾರಾ, ಇದನ್ನು ಗಮನಿಸಿ, ಎರಡಕ್ಕೂ ಬಹಳ ವ್ಯತ್ಯಾಸ ಉಂಟು. ಒಂದೇ ಪ್ರಶ್ನೆ ಸ್ವಲ್ಪ ಹೊತ್ತಲ್ಲೇ ಮತ್ತೆ ಮತ್ತೆ ಕೇಳುದು, ದಿನಾ ಹೋಗುವ ದಾರಿ ತಪ್ಪುದು, ಗ್ಯಾಸ್ ಹಚ್ಚಿ ಬಿಟ್ಟು ಬರುದು ಇದೆಲ್ಲ ಇದ್ರೆ ತಡ ಮಾಡದೆ ಡಾಕ್ಟ್ರ ಹತ್ರ ಹೋಗಿ. ಬಿ12 ಕಮ್ಮಿ ಆದ್ರೆ, ಥೈರಾಯ್ಡ್ ಏರುಪೇರಾದ್ರೆ, ಮನಸ್ಸು ಕುಗ್ಗಿದ್ರೆ, ಕಿವಿ ಸರಿ ಕೇಳದಿದ್ರೆ ಸಾ ಮರೆವಿನ ಹಾಗೆ ಕಾಣ್ತದೆ, ಇದಕ್ಕೆಲ್ಲ ಮದ್ದುಂಟು. ಹೋಗುವಾಗ ಅವರು ತೆಗೊಳ್ಳುವ ಎಲ್ಲ ಮಾತ್ರೆಗಳನ್ನೂ, ನಿದ್ದೆ ಮಾತ್ರೆ ಇದ್ರೆ ಅದನ್ನೂ, ಒಂದು ಚೀಲದಲ್ಲಿ ಹಾಕ್ಕೊಂಡು ಹೋಗಿ. ಮತ್ತೆ ಡಾಕ್ಟ್ರ ಎದುರು ಅತ್ತೆಗೆ ಕೇಳಿದ ಪ್ರಶ್ನೆಗೆ ನೀವು ಉತ್ತರ ಕೊಡ್ಬೇಡಿ, ಎಷ್ಟು ಹೊತ್ತಾದ್ರೂ ಅವರೇ ಹೇಳ್ಲಿ.